ತಂಡದ ಗ್ರೂಪಿನಲ್ಲಿ ಮುಖ್ಯ ಮೆಸೇಜ್ ಎಲ್ಲಿ ಹೋಯಿತು?

ನಮ್ಮ ಕಾಲೇಜಿನ ಪ್ರತಿಯೊಂದು ಆಟದ ತಂಡಕ್ಕೂ ಈಗ ಒಂದು ವಾಟ್ಸಾಪ್ ಗ್ರೂಪ್ ಇದೆ. ವಾಲಿಬಾಲ್‌ಗೆ ಒಂದು, ಕಬಡ್ಡಿಗೆ ಒಂದು, ಕ್ರಿಕೆಟ್‌ಗೆ ಎರಡು (ಎರಡನೆಯದು ಏಕೆ ಎಂದು ಯಾರಿಗೂ ಗೊತ್ತಿಲ್ಲ). ಹಿಂದೆ ಪಿ.ಡಿ. ಸರ್ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಿದ್ದ ಎಲ್ಲವೂ ಈಗ ಫೋನಿಗೆ ಬರುತ್ತದೆ: ಅಭ್ಯಾಸದ ಸಮಯ, ಆಯ್ಕೆಯಾದವರ ಪಟ್ಟಿ, ಪಂದ್ಯದ ಸ್ಥಳ. ಇದು ಅನುಕೂಲವೇ. ಆದರೆ ತಂಡದ ಗ್ರೂಪ್ ಗೆಳೆಯರ ಗ್ರೂಪಿನಂತಲ್ಲ. ಗೆಳೆಯರ ಗ್ರೂಪಿನಲ್ಲಿ ಒಂದು ಜೋಕ್ ತಪ್ಪಿಹೋದರೆ ನಷ್ಟವಿಲ್ಲ, ತಂಡದ ಗ್ರೂಪಿನಲ್ಲಿ ಒಂದು ಸಾಲು ತಪ್ಪಿದರೆ ಒಂದು ಪಂದ್ಯವೇ ಹೋಗಬಹುದು.

ಕಳೆದ ವರ್ಷ ಹಾಗೆಯೇ ಆಯಿತು. ತಾಲೂಕು ಮಟ್ಟದ ವಾಲಿಬಾಲ್ ಪಂದ್ಯಕ್ಕೆ ಬೆಳಿಗ್ಗೆ 10 ಗಂಟೆಗೆ ಹಾಜರಾಗಬೇಕೆಂದು ಮೊದಲು ತಿಳಿಸಿದ್ದರು. ಹಿಂದಿನ ರಾತ್ರಿ ಅದು 8.30ಕ್ಕೆ ಬದಲಾಯಿತು. ಗ್ರೂಪಿನಲ್ಲಿ ಮೆಸೇಜ್ ಬಂತು. ಅದರ ಹಿಂದೆಯೇ 7ನೇ ನಂಬರಿನ ಜೆರ್ಸಿ ಯಾರಿಗೆ ಎಂಬ ಚರ್ಚೆ ಶುರುವಾಗಿ ಎಂಬತ್ತಕ್ಕೂ ಹೆಚ್ಚು ಮೆಸೇಜ್ ಬಂದವು. ನಮ್ಮ ಸೆಟ್ಟರ್‌ಗೆ ಸ್ವಂತ ಫೋನ್ ಇಲ್ಲ. ಅವನ ತಂದೆ ಆಟೋ ಓಡಿಸಿ ರಾತ್ರಿ ಹತ್ತೂವರೆಗೆ ಮನೆಗೆ ಬಂದ ಮೇಲೆ ಅವನು ಅವರ ಫೋನ್ ನೋಡಿದ. ಜೆರ್ಸಿಯ ಜಗಳ ಕಂಡಿತು, ಮುಚ್ಚಿಟ್ಟು ಮಲಗಿದ. ಮರುದಿನ ಅವನು ಮೈದಾನಕ್ಕೆ ಬಂದಾಗ 9.40. ನಾವು ಎರಡು ಸೆಟ್ ಸೋತು ನೆರಳಿನಲ್ಲಿ ಕೂತಿದ್ದೆವು. ಸಂಜೆ ಅದೇ ಗ್ರೂಪಿನಲ್ಲಿ ಅವನಿಗೆ "ಸೋಮಾರಿ" ಎಂಬ ಬಿರುದು ಸಿಕ್ಕಿತು. ಒಂದು ವಾರ ಅವನು ಅಭ್ಯಾಸಕ್ಕೆ ಬರಲಿಲ್ಲ.

ತಪ್ಪು ಅವನದಲ್ಲ ಎಂದು ನಾನು ಹೇಳುತ್ತೇನೆ. ಕಾಮರ್ಸ್‌ನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ದ್ವಿತೀಯ ಪಿಯುಸಿ ಬಿಸಿನೆಸ್ ಸ್ಟಡೀಸ್‌ನ ಡೈರೆಕ್ಟಿಂಗ್ ಪಾಠದಲ್ಲಿ ಸಂವಹನದ ಚಿತ್ರವೊಂದಿದೆ: ಕಳುಹಿಸುವವನು, ಸಂದೇಶ, ಮಾಧ್ಯಮ, ಪಡೆಯುವವನು, ಕೊನೆಗೆ ಫೀಡ್‌ಬ್ಯಾಕ್. ಮಧ್ಯೆ ನಾಯ್ಸ್, ಅಂದರೆ ಗದ್ದಲ. ನಾವು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ, ಸಂಜೆ ಫೋನ್ ಕೈಗೆ ಬಂದ ಕೂಡಲೇ ಮರೆಯುತ್ತೇವೆ. ಆ ಚಿತ್ರದ ಪ್ರಕಾರ ಫೀಡ್‌ಬ್ಯಾಕ್ ಬರುವವರೆಗೆ ಸಂವಹನ ಪೂರ್ತಿಯಾಗುವುದಿಲ್ಲ. ಮೆಸೇಜ್ ಹಾಕಿದವರ ಕೆಲಸ ಹಾಕಿದ ಕೂಡಲೇ ಮುಗಿಯುವುದಿಲ್ಲ. ಜೆರ್ಸಿಯ ಎಂಬತ್ತು ಮೆಸೇಜ್ ಶುದ್ಧ ನಾಯ್ಸ್.

ಫೀಡ್‌ಬ್ಯಾಕ್ ನೋಡಲು ವಾಟ್ಸಾಪ್‌ನಲ್ಲೇ ದಾರಿ ಇದೆ. ಗ್ರೂಪಿನಲ್ಲಿ ಎರಡನೇ ಟಿಕ್ ಬೀಳಬೇಕಾದರೆ ಎಲ್ಲರ ಫೋನಿಗೂ ಮೆಸೇಜ್ ತಲುಪಿರಬೇಕು, ನೀಲಿ ಆಗಬೇಕಾದರೆ ಎಲ್ಲರೂ ಓದಿರಬೇಕು. ಒಬ್ಬರ ಡೇಟಾ ಆಫ್ ಇದ್ದರೂ ಒಂದೇ ಟಿಕ್ ಕಾಣುತ್ತದೆ. ನಾವು ಹಾಕಿದ ಮೆಸೇಜನ್ನು ಒತ್ತಿ ಹಿಡಿದು 'ಇನ್ಫೋ' ನೋಡಿದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬ ಪಟ್ಟಿಯೇ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೀಲಿ ಟಿಕ್ ಬಂದ್ ಮಾಡಿಕೊಂಡವರ ಹೆಸರೂ ಗ್ರೂಪ್ ಮೆಸೇಜಿನ ಪಟ್ಟಿಯಲ್ಲಿ ಬರುತ್ತದೆ. ತಂಡದಲ್ಲಿ ಹನ್ನೆರಡು ಜನ. ರಾತ್ರಿ 9.30ಕ್ಕೆ ಒಮ್ಮೆ ಪಟ್ಟಿ ನೋಡಿ, ಓದದೇ ಇರುವ ಒಬ್ಬಿಬ್ಬರಿಗೆ ಫೋನ್ ಮಾಡಲು ಐದು ನಿಮಿಷ ಸಾಕು. ತಂದೆಯ ಫೋನ್ ಆದರೆ ಇದೂ ನಂಬುವಂತಿಲ್ಲ. ತಂದೆ ಬಸ್ ಸ್ಟ್ಯಾಂಡಿನಲ್ಲಿ ಮೆಸೇಜ್ ತೆರೆದರೂ ಟಿಕ್ ನೀಲಿಯಾಗುತ್ತದೆ, ಮಗನಿಗೆ ಸುದ್ದಿಯೇ ಇರುವುದಿಲ್ಲ. ಅಂಥವರ ಹೆಸರನ್ನು ಮೊದಲೇ ಬರೆದಿಟ್ಟುಕೊಂಡು ಅವರಿಗೆ ಫೋನ್ ಮಾಡಿಯೇ ಹೇಳಬೇಕು.

ಇನ್ನೊಂದು ವಿಷಯ. ನಮ್ಮಲ್ಲಿ ಕ್ಯಾಂಪಸ್ಸಿಗೆ ಮೊಬೈಲ್ ತರುವಂತಿಲ್ಲ. ಬೆಳಿಗ್ಗೆ 11 ಗಂಟೆಗೆ "ಇವತ್ತು ಸಂಜೆ ಅಭ್ಯಾಸ ಇಲ್ಲ" ಎಂದು ಗ್ರೂಪಿನಲ್ಲಿ ಹಾಕಿದರೆ ಅದನ್ನು ಓದುವವರು ಮನೆಯಲ್ಲಿರುವ ಅಮ್ಮಂದಿರು ಮಾತ್ರ. ಹಗಲಿನ ಸೂಚನೆಗೆ ಈಗಲೂ ಮೆಟ್ಟಿಲ ಬಳಿಯ ನೋಟಿಸ್ ಬೋರ್ಡೇ ಸರಿ.

ಗದ್ದಲಕ್ಕೆ ಪರಿಹಾರ ಎರಡು ಗ್ರೂಪ್. ಒಂದು ಸೂಚನೆಗೆ, ಅದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಮಾಡಬೇಕು. ಈ ಸೌಲಭ್ಯ 2018ರಿಂದಲೇ ಇದೆ. ಇನ್ನೊಂದು ಮಾತಿಗೆ, ಜೆರ್ಸಿ, ಜಗಳ, ಅಭಿನಂದನೆ, ಬಿರಿಯಾನಿ ಎಲ್ಲ ಅಲ್ಲಿ. ಎರಡನ್ನೂ ಬೆರೆಸಬಾರದು, ಆದರೆ ಎರಡನೆಯದನ್ನು ನಿಲ್ಲಿಸಲೂ ಬಾರದು. ಮಾತೇ ಇಲ್ಲದ ತಂಡ ತಂಡವಾಗುವುದಿಲ್ಲ. ಪಂದ್ಯದ ವಾರದಲ್ಲಿ ಸಮಯ ಮತ್ತು ಸ್ಥಳದ ಮೆಸೇಜನ್ನು ಪಿನ್ ಮಾಡಿಟ್ಟರೆ ಅದು ಮೇಲೆಯೇ ನಿಲ್ಲುತ್ತದೆ, 24 ಗಂಟೆ, 7 ದಿನ ಅಥವಾ 30 ದಿನ ಇಡಬಹುದು. ಸಮಯ ಬದಲಾದರೆ ಹಳೆಯ ಪಿನ್ ತೆಗೆಯಲು ಮರೆಯಬಾರದು, ಇಲ್ಲದಿದ್ದರೆ ಮೇಲೆ 10 ಗಂಟೆ, ಕೆಳಗೆ 8.30.

ಅಡ್ಮಿನ್ ಆಗಲು ಕೆಲವರು ಹೆದರುತ್ತಾರೆ. ಯಾರೋ ಏನೋ ಹಾಕಿದರೆ ಪೊಲೀಸರು ನಮ್ಮ ಮನೆಗೆ ಬರುತ್ತಾರೆ ಎಂಬ ಭಯ. ಸದಸ್ಯರು ಹಾಕಿದ ಆಕ್ಷೇಪಾರ್ಹ ಪೋಸ್ಟಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಿದ್ದರೂ ಅಡ್ಮಿನ್‌ಗಳು ಪಿ.ಡಿ. ಸರ್ ಮತ್ತು ಕ್ಯಾಪ್ಟನ್ ಇಬ್ಬರೇ ಇದ್ದರೆ ಒಳ್ಳೆಯದು. ಎಂಟು ಜನ ಅಡ್ಮಿನ್ ಇರುವ ಸೂಚನಾ ಗ್ರೂಪ್ ಪುನಃ ಮಾತಿನ ಗ್ರೂಪೇ ಆಗುತ್ತದೆ.

ಈಗ ಮೆಸೇಜ್ ಬರೆಯುವ ರೀತಿಗೆ ಬರೋಣ. ನಮ್ಮಂಥ ಕಾಲೇಜಿನಲ್ಲಿ ಇದು ತಮಾಷೆಯ ವಿಷಯವೂ ಹೌದು. "ನಾಳೆ ಅಸರ್ ಆದ ಮೇಲೆ ಬನ್ನಿ" ಎಂದು ಹಾಕುವುದು ನಮಗೆ ಅಭ್ಯಾಸ. ಆದರೆ ಅಸರ್ ಎಷ್ಟು ಗಂಟೆಗೆ? ಕರಾವಳಿಯ ಬ್ಯಾರಿ ಗೆಳೆಯರು ಶಾಫಿ ಮದ್‌ಹಬ್‌ನವರು, ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಅವರಿಗೆ ಅಸರ್ ಶುರು. ನಮ್ಮಂಥ ಉರ್ದು ಮನೆಯವರು ಹೆಚ್ಚಾಗಿ ಹನಫಿಗಳು, ನೆರಳು ಎರಡು ಪಟ್ಟಾಗುವವರೆಗೆ ಕಾಯುತ್ತೇವೆ. ಎರಡರ ನಡುವೆ ನಮ್ಮ ಕಡೆ ಸುಮಾರು ಒಂದು ಗಂಟೆಯ ಅಂತರ. ಮೇಲಾಗಿ ವರ್ಷವಿಡೀ ಸಮಯ ಬದಲಾಗುತ್ತಿರುತ್ತದೆ. ಒಂದೇ ಮೆಸೇಜ್ ಓದಿ ಅರ್ಧ ತಂಡ ನಾಲ್ಕೂಕಾಲಿಗೆ, ಉಳಿದ ಅರ್ಧ ಐದೂಕಾಲಿಗೆ ಬಂದದ್ದನ್ನು ನಾನು ನೋಡಿದ್ದೇನೆ. ನಮ್ಮ ತಂಡದಲ್ಲಿ ಮುಸ್ಲಿಮೇತರ ಆಟಗಾರರೂ ಇದ್ದಾರೆ. ಅವರಲ್ಲೊಬ್ಬ "ಮಾರಾಯಾ, ಅಸರ್ ಎಂದರೆ ಎಷ್ಟು ಗಂಟೆ ಹೇಳು, ಬರುತ್ತೇನೆ" ಎಂದು ಮೂರು ಸಲ ಕೇಳಿದ್ದ, ಯಾರೂ ಉತ್ತರಿಸಿರಲಿಲ್ಲ. ನಮಾಜಿಗೆ ಬಿಡುವು ಸಿಗುವಂತೆ ಸಮಯ ಇಡೋಣ, ಆದರೆ ಬರೆಯುವಾಗ ಗಡಿಯಾರದ ಸಮಯವನ್ನೇ ಬರೆಯೋಣ. ಹೀಗೆ:

"ನಾಳೆ ಶನಿವಾರ ಅಭ್ಯಾಸ. ಸಂಜೆ 5 ಗಂಟೆಗೆ, ಕಾಲೇಜು ಮೈದಾನ. ಶೂ ಕಡ್ಡಾಯ. 6.15ಕ್ಕೆ ಬಿಡುತ್ತೇವೆ. ಬರಲಾಗದವರು ಇಂದು ರಾತ್ರಿ 9ರೊಳಗೆ ಕ್ಯಾಪ್ಟನ್‌ಗೆ ಫೋನ್ ಮಾಡಿ."

ಇದರಲ್ಲಿ ಬಿಡುವ ಸಮಯ ಏಕೆ ಎಂದು ಕೇಳಬಹುದು. ಅದು ಮನೆಯವರಿಗಾಗಿ. ಎಷ್ಟು ಹೊತ್ತಿಗೆ ಬರುತ್ತಾರೆ, ಬಸ್ ಸಿಗುತ್ತದೋ, ಮಗ್ರಿಬ್ ಒಳಗೆ ಮನೆ ಸೇರುತ್ತಾರೋ ಎಂಬ ಚಿಂತೆ ಅಮ್ಮಿಯಂದಿರಿಗೆ ಇರುತ್ತದೆ. ಈ ಒಂದು ಸಾಲು ಇದ್ದರೆ ಅಭ್ಯಾಸಕ್ಕೆ ಕಳುಹಿಸಲು ಅರ್ಧ ಒಪ್ಪಿಗೆ ಸಿಕ್ಕಂತೆ.

ಭಾಷೆಯದ್ದೂ ಒಂದು ಪ್ರಶ್ನೆ. ಉರ್ದುವಿನಲ್ಲಿ ವಾಯ್ಸ್ ಮೆಸೇಜ್ ಹಾಕಿದರೆ ನನಗೆ ಸುಖ, ಬ್ಯಾರಿ ಮತ್ತು ತುಳು ಮಾತಾಡುವವರಿಗೆ ಕಷ್ಟ. ಅವರು ಬ್ಯಾರಿಯಲ್ಲಿ ಹಾಕಿದರೆ ನನಗೆ ಅರ್ಧ ಮಾತ್ರ ತಿಳಿಯುತ್ತದೆ. ಎಲ್ಲರಿಗೂ ಬರುವುದು ಕನ್ನಡ. ಸೂಚನೆ ಕನ್ನಡದಲ್ಲಿ ಇರಲಿ, ಬರಹದಲ್ಲಿ ಇರಲಿ. ಎರಡು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ಸಮಯ ಎಲ್ಲಿದೆ ಎಂದು ಹುಡುಕುವುದು ಚೀಲದಲ್ಲಿ ಚಿಲ್ಲರೆ ಹುಡುಕಿದಂತೆ.

ಹುಡುಗಿಯರ ತಂಡದ ವಿಷಯ ಬೇರೆಯೇ. ಗ್ರೂಪಿಗೆ ಸೇರಿದ ಕೂಡಲೇ ನಂಬರ್ ಎಲ್ಲರಿಗೂ ಕಾಣುತ್ತದೆ, ಹೆಚ್ಚಾಗಿ ಪ್ರೊಫೈಲ್ ಫೋಟೋ ಕೂಡ. ಎಲ್ಲ ತಂಡಗಳನ್ನೂ ಸೇರಿಸಿ "ಸ್ಪೋರ್ಟ್ಸ್" ಎಂಬ ಒಂದೇ ಗ್ರೂಪ್ ಮಾಡಿದಾಗ ಥ್ರೋಬಾಲ್‌ನ ಒಬ್ಬ ಆಟಗಾರ್ತಿಗೆ ಗುರುತಿಲ್ಲದ ನಂಬರಿನಿಂದ ಮೆಸೇಜ್ ಬರಲು ಶುರುವಾಯಿತು. ಅವಳು ಗ್ರೂಪ್ ಬಿಟ್ಟಳು. ಗ್ರೂಪ್ ಬಿಟ್ಟ ಮೇಲೆ ಅಭ್ಯಾಸದ ಸುದ್ದಿ ಸಿಗದೆ ತಂಡವನ್ನೂ ಬಿಟ್ಟಳು. ಒಳ್ಳೆಯ ಆಟಗಾರ್ತಿಯೊಬ್ಬಳು ಆಟದ ಕಾರಣಕ್ಕಲ್ಲ, ಫೋನ್ ನಂಬರಿನ ಕಾರಣಕ್ಕೆ ಹೋದಳು. ನನ್ನ ಪ್ರಕಾರ ಇಡೀ ವಿಷಯದಲ್ಲಿ ದೊಡ್ಡ ನಷ್ಟ ಇದೇ, ಸೋತ ಆ ಎರಡು ಸೆಟ್‌ಗಿಂತ ದೊಡ್ಡದು.

ಇದಕ್ಕೆ ಸರಳ ಉಪಾಯವಿದೆ, ಬ್ರಾಡ್‌ಕಾಸ್ಟ್ ಲಿಸ್ಟ್. ಮ್ಯಾಡಂ ತಮ್ಮ ಫೋನಿನಲ್ಲಿ ಆಟಗಾರ್ತಿಯರ ನಂಬರುಗಳ ಪಟ್ಟಿ ಮಾಡಿಕೊಂಡು ಒಮ್ಮೆ ಕಳುಹಿಸಿದರೆ ಪ್ರತಿಯೊಬ್ಬರಿಗೂ ಅದು ವೈಯಕ್ತಿಕ ಮೆಸೇಜಿನಂತೆ ಹೋಗುತ್ತದೆ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಉತ್ತರ ಮ್ಯಾಡಂಗೆ ಮಾತ್ರ ಬರುತ್ತದೆ. ಒಂದು ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ನಮಗೆ ಧಾರಾಳ. ಷರತ್ತು ಒಂದೇ: ಪಡೆಯುವವರು ಮ್ಯಾಡಂ ಅವರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿರಬೇಕು, ಇಲ್ಲದಿದ್ದರೆ ಮೆಸೇಜ್ ತಲುಪುವುದಿಲ್ಲ. ಅಣ್ಣನ ಅಥವಾ ಅಬ್ಬಾ ಅವರ ಫೋನ್ ಆದರೂ ಇದೇ ನಿಯಮ. ಜೊತೆಗೆ, ನಮ್ಮನ್ನು ಯಾರು ಗ್ರೂಪಿಗೆ ಸೇರಿಸಬಹುದು ಎಂಬುದನ್ನು ಪ್ರೈವಸಿ ಸೆಟ್ಟಿಂಗ್‌ನಲ್ಲಿ 'ಮೈ ಕಾಂಟ್ಯಾಕ್ಟ್ಸ್' ಎಂದು ಇಟ್ಟುಕೊಳ್ಳುವುದು ಹುಡುಗರಿಗೂ ಒಳ್ಳೆಯದು.

ಟೂರ್ನಮೆಂಟ್ ಹತ್ತಿರ ಬಂದಾಗ ಇನ್ನೊಂದು ಅಪಾಯ ಶುರುವಾಗುತ್ತದೆ. ವಯಸ್ಸಿನ ದಾಖಲೆ ಬೇಕು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಪ್ರತಿ ಕೊಡಿ ಎನ್ನುತ್ತಾರೆ. ಒಬ್ಬ ಆಧಾರ್ ಫೋಟೋವನ್ನು ಗ್ರೂಪಿಗೇ ಹಾಕುತ್ತಾನೆ, ಅವನನ್ನು ನೋಡಿ ಉಳಿದವರೂ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಹನ್ನೆರಡು ಜನರ ಹೆಸರು, ಜನ್ಮದಿನಾಂಕ, ವಿಳಾಸ, ಆಧಾರ್ ನಂಬರ್ ಎಲ್ಲರ ಗ್ಯಾಲರಿಯಲ್ಲೂ ಇರುತ್ತದೆ. ಮೊಬೈಲ್ ರಿಪೇರಿಗೆ ಕೊಟ್ಟಾಗ ಅಂಗಡಿಯಲ್ಲೂ ಇರುತ್ತದೆ. ದಾಖಲೆಯನ್ನು ಕಾಗದದಲ್ಲಿ ಕಚೇರಿಗೆ ಕೊಡಬೇಕು, ತುರ್ತಾದರೆ ಪಿ.ಡಿ. ಸರ್‌ಗೆ ಮಾತ್ರ ಕಳುಹಿಸಬೇಕು. ಮಾಸ್ಕ್ಡ್ ಆಧಾರ್ ಸಾಕಾಗುತ್ತದೆಯೇ ಎಂದೂ ಕೇಳಿ ನೋಡಬಹುದು, ಅದರಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುತ್ತದೆ.

ಇನ್‌ಸ್ಟಾಗ್ರಾಂ ಪೇಜಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗೆದ್ದ ದಿನ ಫೋಟೋ ಹಾಕುವುದು ಸಂತೋಷ, ಕಿರಿಯರಿಗೂ ಹುಮ್ಮಸ್ಸು ಬರುತ್ತದೆ. ಆದರೆ ಪ್ರತಿ ಫೋಟೋದಲ್ಲೂ ಇರುವವರನ್ನು ಕೇಳಿಯೇ ಹಾಕಬೇಕು. ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18ರ ಒಳಗಿನವರನ್ನು ಮಕ್ಕಳೆಂದೇ ನೋಡುತ್ತದೆ. ವರ್ಷದ ಆರಂಭದಲ್ಲಿ ಒಂದು ಹಾಳೆಯಲ್ಲಿ ಆಟಗಾರರ ಮತ್ತು ಹೆತ್ತವರ ಒಪ್ಪಿಗೆ ಪಡೆದರೆ ಪ್ರತಿ ಸಲ ಕೇಳುವ ಮುಜುಗರ ಇರುವುದಿಲ್ಲ. ಬೇಡ ಎಂದವರನ್ನು "ಯಾಕೆ" ಎಂದು ಕೇಳಬಾರದು.

ಸೋತ ರಾತ್ರಿಯ ಗ್ರೂಪ್ ಅತ್ಯಂತ ಕೆಟ್ಟದ್ದು. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಟಿ20 ವಿಶ್ವಕಪ್ ಪಂದ್ಯದಲ್ಲಿ ಭಾರತ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಾಗ ಮೊಹಮ್ಮದ್ ಶಮಿ ಅವರ ಮೇಲೆ ಸಾಮಾಜಿಕ ಜಾಲತಾಣದಲ್ಲಿ ಎಂಥ ಮಾತು ಬಂತು ಎಂದು ನಮಗೆಲ್ಲ ನೆನಪಿದೆ. ಇಡೀ ತಂಡ ಸೋತಿತ್ತು, ಬೈಗುಳ ಒಬ್ಬರಿಗೆ, ಅದೂ ಧರ್ಮದ ಹೆಸರಿನಲ್ಲಿ. ಮರುವರ್ಷ ಏಷ್ಯಾ ಕಪ್‌ನಲ್ಲಿ ಒಂದು ಕ್ಯಾಚ್ ಬಿಟ್ಟದ್ದಕ್ಕೆ ಅರ್ಷ್‌ದೀಪ್ ಸಿಂಗ್ ಅವರಿಗೂ ಅದೇ ಗತಿ. ಶಮಿ ಅವರ ವಿಷಯದಲ್ಲಿ ಆಗಿನ ಕ್ಯಾಪ್ಟನ್ ವಿರಾಟ್ ಕೊಹ್ಲಿ ಮುಂದಿನ ಪಂದ್ಯಕ್ಕೆ ಮೊದಲು ಪತ್ರಕರ್ತರ ಎದುರಿಗೆ ಕೂತು ತಮ್ಮ ಆಟಗಾರನ ಪರವಾಗಿ ಖಡಾಖಂಡಿತವಾಗಿ ಮಾತಾಡಿದರು. ನಮ್ಮ ಸೆಟ್ಟರ್‌ಗೆ "ಸೋಮಾರಿ" ಎಂದಾಗ ಗ್ರೂಪಿನಲ್ಲಿದ್ದ ಹನ್ನೊಂದು ಜನರಲ್ಲಿ ಒಬ್ಬರಾದರೂ ಹಾಗೆ ಮಾತಾಡಬಹುದಿತ್ತು. ಅಂಥ ಮಾತನ್ನು ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ, ಆದರೆ ಅದನ್ನು ಓದಿಬಿಟ್ಟ ಹುಡುಗನ ಮನಸ್ಸಿನಿಂದ ಅದು ಅಳಿಯುವುದಿಲ್ಲ. ಪಂದ್ಯ ಮುಗಿದ ರಾತ್ರಿ ಮಾತಿನ ಗ್ರೂಪನ್ನೂ ಬೆಳಿಗ್ಗೆವರೆಗೆ 'ಅಡ್ಮಿನ್ ಮಾತ್ರ' ಎಂದು ಇಡುವ ಕ್ರಮವನ್ನು ಈ ವರ್ಷ ಕಬಡ್ಡಿ ತಂಡ ತಂದಿದೆ. ತಪ್ಪುಗಳ ಚರ್ಚೆ ಮರುದಿನ ಮೈದಾನದಲ್ಲಿ, ಮುಖ ನೋಡಿಕೊಂಡು. ಉಳಿದ ತಂಡಗಳೂ ಇದನ್ನು ಮಾಡಬಹುದು.

ದ್ವಿತೀಯ ಪಿಯುಸಿಯವರು ಮಾರ್ಚ್‌ನಲ್ಲಿ ಹೊರಟು ಹೋಗುತ್ತಾರೆ. ಹಳೆಯ ಕ್ಯಾಪ್ಟನ್ ಜೊತೆಗೆ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೂಡ ಹೋಗಿ, ಎರಡು ವರ್ಷದ ಫೋಟೋಗಳಿರುವ ಪೇಜ್ ಅನಾಥವಾಗಿ ನಿಂತಿದೆ. ಪೇಜನ್ನು ಒಬ್ಬರ ಸ್ವಂತ ನಂಬರಿನಲ್ಲಿ ತೆರೆಯದೆ ಕ್ರೀಡಾ ವಿಭಾಗದ ಇಮೇಲ್‌ನಲ್ಲಿ ತೆರೆಯಬೇಕು. ಹೋಗುವವರನ್ನು ಗ್ರೂಪಿನಿಂದ ತೆಗೆದು, ಅವರಿಗೆ ಬೇಕಾದರೆ ಹಳೆಯ ಆಟಗಾರರ ಗ್ರೂಪ್ ಬೇರೆ ಮಾಡಬೇಕು. ಈ ವರ್ಷದ ಹಸ್ತಾಂತರಕ್ಕೆ ಅಡ್ಮಿನ್‌ಗಳ ಹೆಸರು, ಪಾಸ್‌ವರ್ಡ್, ಸ್ವಂತ ಫೋನ್ ಇಲ್ಲದ ಆಟಗಾರರ ಪಟ್ಟಿ, ಈ ಮೂರನ್ನು ಒಂದು ಲಕೋಟೆಯಲ್ಲಿ ಹಾಕಿ ಪಿ.ಡಿ. ಸರ್ ಕಪಾಟಿನಲ್ಲಿ ಇಡುವುದೆಂದು ವಾಲಿಬಾಲ್ ತಂಡ ಒಪ್ಪಿದೆ. ಪಟ್ಟಿಯಲ್ಲಿ ಈಗ ನಾಲ್ಕು ಹೆಸರಿದೆ. ಜೂನ್‌ನಲ್ಲಿ ಹೊಸಬರು ಬಂದ ಮೇಲೆ ಅದನ್ನು ಪುನಃ ಬರೆಯಬೇಕು.