ಷೆಡ್ಡಿನಲ್ಲಿ ಕಟ್ಟಿದ ವಿಮಾನದ ಆರೋಹಣ

ವಿಮಾನವೆಂದೊಡನೆ ವಿಶಾಲವಾದ ಕಾರ್ಖಾನೆಯನ್ನೂ, ಸಹಸ್ರಾರು ಕೆಲಸಗಾರರನ್ನೂ, ಸರಕಾರದ ಬೊಕ್ಕಸವನ್ನೂ ನೆನೆಯುವುದು ನಮಗೆ ರೂಢಿಯಾಗಿರುವಾಗ, ಅಮೆರಿಕೆಯ ಬ್ರೂಸ್ ಬೊಹಾನನ್ ಎಂಬ ವೈಮಾನಿಕರು, ಹವ್ಯಾಸಿಗಳು ತಮ್ಮ ಮನೆಯ ಷೆಡ್ಡಿನಲ್ಲಿ ಜೋಡಿಸಿಕೊಳ್ಳುವ ಆರ್‌ವಿ-4 ಎಂಬ ಪುಟ್ಟ ವಿಮಾನವನ್ನು ಮೂಲವಾಗಿಟ್ಟುಕೊಂಡು ರಚಿಸಿದ ಯಂತ್ರದಲ್ಲಿ, 2003ರಲ್ಲಿ 47,000 ಅಡಿಗಳನ್ನೂ ಮೀರಿ, ಎವರೆಸ್ಟ್ ಶಿಖರಕ್ಕಿಂತ ಐದು ಕಿಲೋಮೀಟರಿಗೂ ಅಧಿಕವಾದ ಔನ್ನತ್ಯವನ್ನು ಮುಟ್ಟಿದರೆಂಬುದು ಸಾಮಾನ್ಯ ಸಂಗತಿಯಲ್ಲ.

ಏರುವುದು ಏಕೆ ಕಠಿಣವೆಂಬುದನ್ನು ಅರಿಯಬೇಕಾದರೆ ಗಾಳಿಯ ಸ್ವಭಾವವನ್ನು ಗಮನಿಸಬೇಕು. ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿರುವ ನಮ್ಮ ಹುಬ್ಬಳ್ಳಿಯಲ್ಲಿ ಗಾಳಿ ಅಷ್ಟೇನೂ ವಿರಳವಾಗಿಲ್ಲ. 5,500 ಮೀಟರಿನಷ್ಟು ಮೇಲೇರಿದರೆ ಅದರ ಒತ್ತಡ ಅರ್ಧಕ್ಕಿಳಿಯುತ್ತದೆ. ಗಾಳಿ ತೆಳುವಾದಷ್ಟೂ ಎಂಜಿನ್ನಿನ ಬಲ ಕುಗ್ಗುವುದು. ರೆಕ್ಕೆಗಾದರೋ ಅದೇ ಭಾರವನ್ನು ಹೊರಲು ಹೆಚ್ಚಿನ ವೇಗ ಬೇಕಾಗುವುದು. ಮಟ್ಟಸವಾಗಿ ಹಾರಲು ವ್ಯಯವಾಗಿ ಮಿಕ್ಕ ಬಲವಷ್ಟೇ ಆರೋಹಣಕ್ಕೆ ಒದಗುವುದರಿಂದ, ಆ ಮಿಗಿಲು ಶೂನ್ಯವಾದಲ್ಲಿಗೆ ಏರಿಕೆಯೂ ನಿಲ್ಲುವುದು. ಆದಕಾರಣ ಭಾರವನ್ನು ಕಳೆಯುವುದೇ ಇಂಥ ವಿಮಾನವನ್ನು ರಚಿಸುವವನ ಮೊದಲ ತಪಸ್ಸು.

ಈ ತಪಸ್ಸಿನಲ್ಲಿ ಅಮೆರಿಕೆಯ ವಿಮಾನ ವಿನ್ಯಾಸಕ ಬರ್ಟ್ ರುಟಾನರಿಗೆ ಸರಿದೊರೆಯಾದವರು ಕಡಿಮೆ. 1979ರಲ್ಲಿ ಮೊದಲು ಹಾರಿದ ಅವರ ಲಾಂಗ್-ಈಝಿ ಎಂಬ ವಿಮಾನದಲ್ಲಿ ಕಿರಿಯ ರೆಕ್ಕೆ ಮುಂದೆ, ಹಿರಿಯ ರೆಕ್ಕೆಯೂ ಎಂಜಿನ್ನೂ ಹಿಂದೆ. ಫೋಮಿನ ದಿಮ್ಮಿಯನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು, ಅದರ ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸಿ, ಎಪಾಕ್ಸಿ ರಾಳವನ್ನು ಉಣಿಸಿ, ಹೆಚ್ಚಾದುದನ್ನು ರಬ್ಬರಿನ ಪಟ್ಟಿಯಿಂದ ಎಳೆದು ತೆಗೆಯುತ್ತಾರೆ. ಬಟ್ಟೆ ಹೀರಿಯೂ ಮಿಕ್ಕ ರಾಳವೆಲ್ಲ ವ್ಯರ್ಥ ಭಾರವೇ. ಹೀಗೆ ಕಟ್ಟಿದ ಒಂದು ಲಾಂಗ್-ಈಝಿ 1996ರಲ್ಲಿ 35,027 ಅಡಿಗಳಿಗೇರಿ ತನ್ನ ತೂಕದ ವರ್ಗದಲ್ಲಿ ದಾಖಲೆಯನ್ನು ಸ್ಥಾಪಿಸಿತು.

ಅದಕ್ಕೂ ಮೊದಲೇ, 1987ರಲ್ಲಿ, ಬೆಂಗಳೂರಿನ ಎನ್‌ಎಎಲ್ ಎಂಬ ವಿಮಾನ ಸಂಶೋಧನಾ ಸಂಸ್ಥೆ ಇದೇ ವಿನ್ಯಾಸವನ್ನಾಧರಿಸಿದ ಹಗುರ ಸಂಶೋಧನಾ ವಿಮಾನವನ್ನು ಹಾರಿಸಿತ್ತೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. 1993ರಲ್ಲಿ ಗಗನಕ್ಕೇರಿದ ಆ ಸಂಸ್ಥೆಯ ‘ಹಂಸ’ದ ಕಾಯವೂ ಇಂಥ ಸಂಯುಕ್ತ ದ್ರವ್ಯದಿಂದಲೇ ರಚಿತವಾದುದು. ಹವ್ಯಾಸಿಯ ಷೆಡ್ಡಿನಲ್ಲಿ ಬೆಳೆದ ವಿದ್ಯೆ ರಾಷ್ಟ್ರದ ಪ್ರಯೋಗಾಲಯವನ್ನು ಹೊಕ್ಕ ಈ ಬಗೆ, ಯಾವ ದಾಖಲೆಗಿಂತಲೂ ಹಿರಿದೆಂದು ನನಗೆ ತೋರುತ್ತದೆ.

1947ರಲ್ಲಿಯೇ ಬಿ.ವಿ.ಬಿ. ತಾಂತ್ರಿಕ ಮಹಾವಿದ್ಯಾಲಯವನ್ನು ಪಡೆದ ಹುಬ್ಬಳ್ಳಿಯಲ್ಲಿ ಈ ವಿದ್ಯೆಗೆ ಬೇಕಾದ ಬುದ್ಧಿಗೂ ಕೈಗೂ ಕೊರತೆಯಿಲ್ಲ. ಹುಬ್ಬಳ್ಳಿ-ಧಾರವಾಡ ಅವಳಿನಗರದ ತರುಣರು ಇಡಿಯ ವಿಮಾನಕ್ಕೆ ಕೈಹಾಕುವ ಮುನ್ನ ಒಂದು ರೆಕ್ಕೆಯನ್ನಾದರೂ ಕಟ್ಟಿ, ಅದನ್ನು ಮಗುಚಿ ಮರಳಿನ ಚೀಲಗಳನ್ನು ಹೇರಿ, ಎಷ್ಟು ಭಾರವನ್ನು ತಾಳುವುದೆಂದು ಪರೀಕ್ಷಿಸಲಿ; ಅವರ ಗುರುಗಳು ಅದಕ್ಕೊಂದು ಷೆಡ್ಡನ್ನು ಒದಗಿಸಿಕೊಡಲಿ.