ಶಸ್ತ್ರಚಿಕಿತ್ಸೆಗೆ ಮುನ್ನ ಸೊಂಟದ ಅಳತೆ

ಶಸ್ತ್ರಚಿಕಿತ್ಸೆ ನಿಶ್ಚಯವಾದೊಡನೆ ನಮ್ಮವರು ತೂಕ ನೋಡಿಸಿಕೊಂಡು ನೆಮ್ಮದಿ ತಾಳುವುದುಂಟು. ಆದರೆ ತಕ್ಕಡಿಗೆ ಮಾಂಸಖಂಡವೂ ಒಂದೇ, ಕೊಬ್ಬೂ ಒಂದೇ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಭಾವಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ 22.3; ಮೈಕೊಬ್ಬು ಮಾತ್ರ ಯುಡ್ಕಿನ್ನರಿಗೆ ಶೇಕಡಾ 9.1, ಯಾಜ್ಞಿಕರಿಗೆ 21.2!

ತೆಳ್ಳಗೆ ಕಾಣುವ ಭಾರತೀಯರಲ್ಲೂ ಕೊಬ್ಬು ಹೊಟ್ಟೆಯೊಳಗೆ ಅಡಗಿರಬಹುದು. ಮಲಗಿಸಿದಾಗ ಅದು ವಪೆಯನ್ನು ಮೇಲಕ್ಕೊತ್ತಿ ಶ್ವಾಸಕೋಶದ ಬುಡವನ್ನು ಅದುಮುತ್ತದೆ. ಚರ್ಮದಡಿಯ ಕೊಬ್ಬಿಗೋ ರಕ್ತಸಂಚಾರ ಕಡಮೆ. ಆದಕಾರಣ ಹೊಲಿಗೆಯಲ್ಲಿ ಕೀವಾಗುವ ಸಂಭವ ಹೆಚ್ಚು. ಕತ್ತು ದಪ್ಪವಿದ್ದು ಗೊರಕೆಯೂ ಇದ್ದರೆ ಅರಿವಳಿಕೆಯ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ನಮ್ಮ ಚೆನ್ನೈ ನಗರವಾಸಿಗಳನ್ನೇ ಪರೀಕ್ಷಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವು ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯವನ್ನು ಗುರುತಿಸಲು ಸೊಂಟದ ಸುತ್ತಳತೆಯ ಗಡಿಯನ್ನು ಗಂಡಸರಿಗೆ 87, ಹೆಂಗಸರಿಗೆ 82 ಸೆಂಟಿಮೀಟರ್ ಎಂದು ಕಂಡುಕೊಂಡಿತು. ಇದು ಶಸ್ತ್ರಚಿಕಿತ್ಸೆಗೆಂದೇ ಹಾಕಿದ ಗೆರೆಯಲ್ಲ. ಆದರೂ ಹತೋಟಿ ತಪ್ಪಿದ ಸಕ್ಕರೆಯಿಂದ ಗಾಯ ಮಾಯುವುದು ನಿಧಾನವೆಂಬುದನ್ನು ಮರೆಯಲಾಗದು. ಕೆಳಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಬೇಕು. (ಪಂಚೆ ಕಟ್ಟುವ ಜಾಗದಲ್ಲಲ್ಲ!) ಬೇರೆ ಕಾರಣಕ್ಕೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಆಗಿದ್ದರೆ ಒಳಗೊಬ್ಬನ್ನು ಅದರಲ್ಲೇ ಅಳೆಯಬಹುದು. ಅಳತೆ ಹೆಚ್ಚೆಂದು ತಾವಾಗಿಯೇ ಉಪವಾಸ ಹಿಡಿಯುವುದು ಸಲ್ಲದು. ಗಾಯ ಕೂಡಲು ಸಸಾರಜನಕ ಬೇಕೇಬೇಕು.