ಕಂಬ ಎಣಿಸಿದ್ದು ಸಾಕು, ಬೆಳಕು ಎಣಿಸಿ!

ರಾತ್ರಿ ಒಂಬತ್ತರ ಬಸ್ಸು ಇಳಿದು ಮನೆಗೆ ನಡೆಯುವ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ. ಯಾವ ಕಂಬದ ದೀಪ ಉರಿಯುತ್ತೆ, ಯಾವ ಗೋಡೆ ಪಕ್ಕ ಪುಂಡರು ಗುಂಪು ಕಟ್ಟಿರ್ತಾರೆ, ಎಲ್ಲಿ ಹೆಜ್ಜೆ ಜೋರು ಮಾಡಬೇಕು, ಎಲ್ಲಾ ಬಾಯಿಪಾಠ. ಕಚೇರಿ ಕಡತದಲ್ಲಿ ಮಾತ್ರ ಆ ಬೀದಿ ಝಗಮಗ! ಯಾಕೆಂದರೆ ಅಲ್ಲಿ ಎಣಿಸಿದ್ದು ಕಂಬ. ಅದೂ ಹಗಲು ಹೊತ್ತು.

ಆ ಬಾಯಿಪಾಠವನ್ನು ಕಾಗದಕ್ಕೆ ಇಳಿಸುವುದಕ್ಕೇ ಸುರಕ್ಷತಾ ಆಡಿಟ್ ಎಂದು ಹೆಸರು. ಆಡಿಟ್ ಅಂದಾಕ್ಷಣ ಅಂಗಡಿಯವರು ಹೌಹಾರಬೇಕಿಲ್ಲ, ಜಿಎಸ್‌ಟಿಯವರು ಯಾರೂ ಬರುವುದಿಲ್ಲ. ಬೀದಿಯ ಜನವೇ ಐದಾರು ಮಂದಿ, ಕತ್ತಲಾದ ಮೇಲೆ ತಮ್ಮ ಬೀದಿಯಲ್ಲೇ ನಡೆದು ಬರೆದುಕೊಳ್ಳುವ ಲೆಕ್ಕ ಇದು. ಕೆನಡಾದ ಟೊರಾಂಟೊದಲ್ಲಿ ಮೆಟ್ರಾಕ್ ಎಂಬ ಸಂಸ್ಥೆ 1989ರಲ್ಲಿ ಶುರು ಮಾಡಿತು. ಅಲ್ಲಿನ ಬಸ್ಸುಗಳಲ್ಲಿ 1991ರಿಂದ, ರಾತ್ರಿ 9ರ ನಂತರ ಹೆಂಗಸರು ಕೇಳಿದರೆ ಎರಡು ಸ್ಟಾಪಿನ ನಡುವೆಯೂ ಇಳಿಸುವ ಪದ್ಧತಿ ಬಂತು. ನಮ್ಮ ಹಳ್ಳಿ ರೂಟಿನ ಕಂಡಕ್ಟರುಗಳು ಯಾವ ಆರ್ಡರೂ ಇಲ್ಲದೆ ಇದನ್ನು ಮಾಡಿಕೊಂಡೇ ಬಂದಿದ್ದಾರೆ, ಮನಸ್ಸು ಬಂದ ದಿನ!

ದೆಹಲಿಯಲ್ಲಿ ಜಾಗೋರಿ ಸಂಸ್ಥೆ ಇಂಥ ನಡಿಗೆ ನಡೆಸಿತು. 2013ರಲ್ಲಿ ಸೇಫ್ಟಿಪಿನ್ ಎಂಬ ಮೊಬೈಲ್ ಆ್ಯಪ್ ಬಂತು. ಬೆಳಕು, ಬಯಲು, ಜನ, ನಡೆಯುವ ದಾರಿ, ಬಸ್ಸು ಆಟೋ, ಕಾವಲು ಎಂದು ಅದರಲ್ಲಿ ಒಂಬತ್ತು ಬಾಬತ್ತು. ಒಂಬತ್ತನೆಯದು, 'ಇಲ್ಲಿ ನಿಂತರೆ ಮನಸ್ಸಿಗೆ ಏನನ್ನಿಸುತ್ತೆ?' ಇಂಜಿನಿಯರುಗಳ ಫಾರಂನಲ್ಲಿ ಈ ಕಾಲಂ ಎಲ್ಲಿದೆ ಹೇಳಿ.

ಅಂಗಡಿಯವರಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ ಸ್ವಾಮಿ. ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ 1961ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಬೀದಿ ಕಾಯುವುದು ಬೀದಿಯ ಮೇಲಿರುವ ಕಣ್ಣು. ಶೆಟರ್ ಎಳೆದ ಕೂಡಲೇ ಎಷ್ಟೋ ಬೀದಿಗಳಲ್ಲಿ ಬೆಳಕೂ ಹೋಗುತ್ತೆ, ಕಣ್ಣೂ ಹೋಗುತ್ತೆ. ಆಮೇಲೆ ಉಳಿಯುವುದು ಬೀಡಾ ಅಂಗಡಿಯ ಒಂದು ಬಲ್ಬು, ಆಮ್ಲೆಟ್ ಗಾಡಿಯ ಇನ್ನೊಂದು. ಟ್ರಾಫಿಕ್ಕಿಗೆ ಅಡ್ಡಿ ಅಂತ ಆ ಗಾಡಿಯನ್ನೂ ಎತ್ತಿಸಿದರೆ ಮೂಲೆ ಯಾರ ಪಾಲು? ಹಾಗಂತ ಅಂಗಡಿಯವರು ಸಾಚಾ ಅಂತಲ್ಲ. ಫುಟ್‌ಪಾತು 1.8 ಮೀಟರಾದರೂ ಖಾಲಿ ಇರಬೇಕು ಅನ್ನುತ್ತೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಪ್ಲಾಸ್ಟಿಕ್ ಬಕೆಟ್ಟು, ಸೀರೆ ಉಟ್ಟ ಬೊಂಬೆ ಎಲ್ಲಾ ಹೊರಗೆ ನಿಂತರೆ ಹೆಂಗಸರು ಇಳಿಯುವುದು ಲಾರಿ ಮುಂದಕ್ಕೆ!

ಮಾಡುವುದು ಕಷ್ಟವಲ್ಲ. ಇಡೀ ಊರು ಬೇಡ. ಬಸ್‌ಸ್ಟ್ಯಾಂಡ್ ಗೇಟಿನಿಂದ ಅರ್ಧ ಕಿಲೋಮೀಟರ್ ಸಾಕು. ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿರಲಿ: ಜವಳಿ ಅಂಗಡಿ ಮುಚ್ಚಿ ಹೋಗುವ ಹುಡುಗಿ, ಹೂವಾಡಗಿತ್ತಿ, ಹಾಸ್ಟೆಲಿನವರು, ಕೋಲು ಹಿಡಿದ ಅಜ್ಜಿ. ಗಂಡಸರೇ ಹೋದರೆ ಗುಂಡಿ ಬರೆದುಕೊಂಡು ಬರ್ತಾರೆ, ಭಯ ಬರೆಯಲ್ಲ. ಉರಿಯದ ಕಂಬದ ನಂಬರು, ಮರದ ಕೊಂಬೆ ಮುಚ್ಚಿದ ದೀಪ, ಬೀಗ ಜಡಿದ ಲೇಡೀಸ್ ಶೌಚಾಲಯ, ಚಪ್ಪಡಿ ಇಲ್ಲದ ಚರಂಡಿ, ಎಲ್ಲಾ ಗಂಟೆ ಸಮೇತ ಬರೆಯಿರಿ. ದಾರಿಹೋಕರ ಫೋಟೋ ಮಾತ್ರ ಬೇಡ.

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಗಿ ಹೆಂಗಸರಿಗೆ ಬಸ್ಸು ಉಚಿತವಾಯಿತು. ಬಸ್ಸಿಳಿದ ಮೇಲಿನ ದಾರಿಯ ಮಾತೇ ಇಲ್ಲ. ಸ್ಟ್ಯಾಂಡ್ ಒಳಗಿನ ದೀಪ ಸಾರಿಗೆ ಸಂಸ್ಥೆಯದು, ಗೇಟಿನಾಚೆ ನಗರಸಭೆಯದು. ನಡುವಿನ ಕತ್ತಲೆ ಯಾರದೂ ಅಲ್ಲ! ಆದರೆ ಬೀದಿ ದೀಪ ಉಪಕಾರವಲ್ಲ. 1964ರ ಪುರಸಭೆಗಳ ಕಾಯ್ದೆ ಪ್ರಕಾರ ಅದು ಮಾಡಲೇಬೇಕಾದ ಕೆಲಸ. ಪಟ್ಟಿಯನ್ನು ಎರಡು ಮಾಡಿ, ಎರಡೂ ಕಚೇರಿಯ ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಬೇಕು. ತಿಂಗಳು ಬಿಟ್ಟು ಅದೇ ಮಂದಿ, ಅದೇ ಹೊತ್ತಿಗೆ ಮತ್ತೆ ನಡೆಯಬೇಕು. ಅದೇ ಕಂಬ ಕತ್ತಲಲ್ಲಿದ್ದರೆ ಹಳೇ ಅರ್ಜಿಯ ನಂಬರು ಹಾಕಿ ಹೊಸ ಅರ್ಜಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ.